ಯಶೋದಮ್ಮನ ಒಂಬತ್ತು ನಿಮಿಷ

ಕಿರಂಗೂರಿನ ರಂಜಿತಳಿಗೆ ಆರು ವರ್ಷದ ಕೂಲಿ ಬಾಕಿ ಇದೆ. ಕೊಡಬೇಕಾದವರು ನಮ್ಮೂರಿನ ನೀರು ಬಳಕೆದಾರರ ಸಂಘ, ಬೂಕನಕೆರೆಯ ಬಿತ್ತನೆ ಬೀಜದ ಸೊಸೈಟಿ, ನಾಗಮಂಗಲದ ಒಂದು ಹನಿ ನೀರಾವರಿ ಅಂಗಡಿ, ಮತ್ತೆ ಅವಳಿಗೂ ನನಗೂ ಹೆಸರು ಗೊತ್ತಿಲ್ಲದ ಇನ್ನೆಷ್ಟೋ ಜನ. ಯಾರೂ ಕೊಟ್ಟಿಲ್ಲ. ಅವಳೂ ಕೇಳಿಲ್ಲ. ಅವಳು ಕೇಳಲಿಲ್ಲವಲ್ಲ ಅಂತ ನಾವೆಲ್ಲ ಹಾಯಾಗಿದ್ದೆವು. ಬೆಲೆಗಾಗಿ, ನೀರಿಗಾಗಿ ಮೂವತ್ತು ವರ್ಷ ಹೆದ್ದಾರಿಯಲ್ಲಿ ಕೂತು ಲಾಠಿ ತಿಂದ ನಾವೇ!

ರಂಜಿತ ಪಾಂಡವಪುರದಲ್ಲಿ ಖಾಸಗಿ ಸರ್ವೆಯರ್ ಒಬ್ಬರ ಆಫೀಸಿನಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕೆಲಸದವಳು. ಡಿಪ್ಲೊಮಾ ಓದಿದ್ದಾಳೆ. ವಯಸ್ಸು ಮೂವತ್ತನಾಲ್ಕು. ಬೆಳಗ್ಗೆ ಎಂಟೂವರೆ ಬಸ್ಸಿಗೆ ಹೋಗಿ ಸಂಜೆ ಆರರ ಬಸ್ಸಿಗೆ ಬರುತ್ತಾಳೆ. ಆಫೀಸಿಗೆ ಬರುವ ಪಹಣಿಗಳಲ್ಲಿ ಒಬ್ಬರು ಎಕರೆ ಗುಂಟೆಯನ್ನು ಅಡ್ಡಗೀಟು ಹಾಕಿ ಬರೆದಿರುತ್ತಾರೆ, ಒಬ್ಬರು ಚುಕ್ಕಿ ಇಟ್ಟಿರುತ್ತಾರೆ, ಒಬ್ಬರು ಕನ್ನಡ ಅಂಕಿ, ಒಬ್ಬರು ಇಂಗ್ಲಿಷ್ ಅಂಕಿ. ನಲವತ್ತು ಗುಂಟೆಗೆ ಒಂದು ಎಕರೆ ಅನ್ನುವುದು ನಮಗೆ ಹುಟ್ಟಾ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ದಿನಾ ಕೈಲೆಕ್ಕ ಮಾಡಿ ಸಾಕಾಗಿ, ಆರು ವರ್ಷದ ಹಿಂದೆ ಅದಕ್ಕಾಗಿ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಚಿಕ್ಕ ಕೋಡು ಬರೆದಳು. ಹೇಗೆ ಬರೆದು ಕೊಟ್ಟರೂ ಎಷ್ಟು ಎಕರೆ, ಎಷ್ಟು ಗುಂಟೆ ಅಂತ ಹೇಳುವ ಕೋಡು. ಅದಕ್ಕೆ ‘ಗುಂಟೆ’ ಅಂತಲೇ ಹೆಸರಿಟ್ಟು, ಯಾರು ಬೇಕಾದರೂ ತಗೊಂಡು ಬಳಸಲಿ ಅಂತ ಇಂಟರ್ನೆಟ್ಟಿನಲ್ಲಿ ಇಟ್ಟಳು. ಹೀಗೆ ಒಬ್ಬರು ಬರೆದು ಊರಿಗೆಲ್ಲ ಬಿಟ್ಟ ಸಿದ್ಧ ತುಂಡಿಗೆ ಅವರ ಭಾಷೆಯಲ್ಲಿ ಲೈಬ್ರರಿ ಅನ್ನುತ್ತಾರೆ.

ನಮ್ಮ ಸಂಘ ಅದನ್ನು ಬಳಸಲು ಶುರು ಮಾಡಿ ಮೂರು ವರ್ಷ. ಅದಕ್ಕೂ ಮುಂಚೆ ತೂಬಿನ ಬಾಯಲ್ಲಿ ಗದ್ದೆ ಇದ್ದವರು ನೀರು ಕುಡಿದು ಮಿಕ್ಕಿದ್ದು ಕೆಳಗಿನವರಿಗೆ. ನಾವು ಹದಿನಾಲ್ಕು ದಿನ ತೂಬಿನ ಮುಂದೆ ಕೂತೆವು. ಗುಂಟೆಗೆ ಮೂರು ನಿಮಿಷ, ಎಲ್ಲರಿಗೂ ಒಂದೇ ಲೆಕ್ಕ, ಪಟ್ಟಿ ಗೋಡೆಯ ಮೇಲೆ, ಪಟ್ಟಿಗೆ ಸಂಘದ ಸೀಲು ಅಂತ ಬರೆಸಿಕೊಂಡು ಎದ್ದೆವು. ಜಮೀನಿನ ವಿವರ ಸಂಘದ ಕೋಣೆಯ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗಕೂಡದು, ಪಟ್ಟಿ ಅಲ್ಲೇ ಛಾಪಿಸಬೇಕು ಅಂತಲೂ ನಾವೇ ಠರಾವು ಮಾಡಿದೆವು. ತಿದ್ದುವವರ ಕೈ ನಮಗೆ ಗೊತ್ತಿತ್ತು.

ಕಳೆದ ಆಗಸ್ಟಿನ ಒಂದು ಗುರುವಾರ. ಕೆ.ಆರ್.ಎಸ್.ನಿಂದ ಶನಿವಾರ ಬೆಳಗ್ಗೆ ಆರಕ್ಕೆ ನಮ್ಮ ನಾಲೆಗೆ ನೀರು. ಹೀಗೆ ಬಿಟ್ಟು ಬಿಟ್ಟು ಸರದಿಯಲ್ಲಿ ಬರುವ ನೀರಿಗೆ ನಾವು ಕಟ್ಟು ಅನ್ನುತ್ತೇವೆ. ಡೈರಿ ಪಕ್ಕದ ಸಂಘದ ಗೋಡೆಗೆ ಪಟ್ಟಿ ಅಂಟಿತ್ತು. ಯಶೋದಮ್ಮ ಹಾಲು ಹಾಕಿ ಕ್ಯಾನು ಕಂಕುಳಲ್ಲಿ ಇಟ್ಟುಕೊಂಡೇ ಪಟ್ಟಿ ನೋಡಿದಳು. ಅವಳದು ನಾಲೆಯ ಕಟ್ಟಕಡೆಯ ಗದ್ದೆ, ಮೂವತ್ತು ಗುಂಟೆ. ಗುಂಟೆಗೆ ಮೂರರಂತೆ ತೊಂಬತ್ತು ನಿಮಿಷ ಬರಬೇಕು. ಪಟ್ಟಿಯಲ್ಲಿ ಒಂಬತ್ತು ನಿಮಿಷ ಅಂತಿತ್ತು.

ಸಂಘದ ಕಾರ್ಯದರ್ಶಿ ಶಿವಶಂಕರ್ ಅಲ್ಲೇ ಟೀ ಕುಡಿಯುತ್ತಿದ್ದ.

“ಏನ್ಲಾ ಸಿವಸಂಕ್ರ, ಒಂಬತ್ ನಿಮ್ಸ? ಒಂಬತ್ ನಿಮ್ಸಕ್ಕೆ ನೀರು ನನ್ನ ಬದ ಮುಟ್ಟಾಕಿಲ್ಲ ಕಣ್ಲಾ. ನಾನೇ ಓಡೋದ್ರೂ ಅಷ್ಟೊತ್ತಿಗೆ ಓಗಾಕಿಲ್ಲ.”

“ನಾನೇನ್ ಮಾಡ್ಲಿ ಯಸೋದಕ್ಕ? ನೀನು ಕೊಟ್ಟಿರೋದ್ನೇ ಒತ್ತಿವ್ನಿ. ಕಂಪ್ಯೂಟ್ರು ಅಂಗೆ ಕೊಟ್ಟದೆ.”

“ಪೈರು ಇಪ್ಪತ್ತೆಂಟು ದಿನ ಆಗದೆ. ಈ ಕಟ್ಟಲ್ಲಿ ನಾಟಿ ಆಗ್ಲಿಲ್ಲ ಅಂದ್ರೆ ದನಕ್ಕೆ ಕುಯ್ದು ಹಾಕ್ಬೇಕು. ಆಗ ನಿನ್ನ ಕಂಪ್ಯೂಟ್ರು ಬಂದು ಮುದ್ದೆ ಇಕ್ತದಾ?”

ಶಿವಶಂಕರ್ ಟೀ ಲೋಟ ಕೆಳಗಿಟ್ಟು ರಂಜಿತಳಿಗೆ ಫೋನು ಮಾಡಿದ.

ರಂಜಿತ ಆಗ ಪಾಂಡವಪುರದ ಆಫೀಸಿನಲ್ಲಿ. ಅವಳು ಮೊದಲು ಕೇಳಿದ್ದು, “ನಂಬರು ಎಂಗೆ ಒತ್ತಿದ್ದೆ ಅಣ್ಣ?”

“ಸೊನ್ನೆ ಚುಕ್ಕಿ ಮೂವತ್ತು. ಯಾವಾಗ್ಲೂ ಒತ್ತೋ ಅಂಗೆ.”

ನಮ್ಮ ಕಡೆ ಎಲ್ಲರೂ ಒತ್ತುವುದು ಹಾಗೆಯೇ. ಕಾಗದದ ಮೇಲಾದರೆ ಎಕರೆಗೂ ಗುಂಟೆಗೂ ನಡುವೆ ಅಡ್ಡಗೀಟು. ಕಂಪ್ಯೂಟರಿನಲ್ಲಿ ಒತ್ತುವಾಗ ಚುಕ್ಕಿಯೇ ಸುಲಭಕ್ಕೆ ಕೈಗೆ ಸಿಗುವುದು. ಎರಡು ಚುಕ್ಕಿ ಐದು ಅಂದರೆ ಎರಡು ಎಕರೆ ಐದು ಗುಂಟೆ, ಎರಡೂವರೆ ಎಕರೆ ಅಂತ ನಮ್ಮಲ್ಲಿ ಯಾರೂ ಓದುವುದಿಲ್ಲ.

“ಪಟ್ಟಿಲಿ ಇನ್ಯಾರ್ಯಾರಿಗೆ ಕಮ್ಮಿ ಬಂದದೆ?”

ಶಿವಶಂಕರ್ ಬೆರಳಿಟ್ಟು ಓದಿದ. ಹತ್ತು ಗುಂಟೆಯವನಿಗೆ ಒಂದು ಗುಂಟೆಯ ನೀರು. ಒಂದು ಎಕರೆ ಇಪ್ಪತ್ತರವನಿಗೆ ಒಂದು ಎಕರೆ ಎರಡರ ನೀರು. ಒಟ್ಟು ಹನ್ನೊಂದು ಜನ. ಎಲ್ಲರ ಗುಂಟೆಯ ಕೊನೆಗೂ ಸೊನ್ನೆ. ಆ ಸೊನ್ನೆ ಎಲ್ಲೋ ಬಿದ್ದುಹೋಗಿತ್ತು.

“ಪಟ್ಟಿ ತೆಗೆಯೋಕೆ ಮುಂಚೆ ಏನಾರ ಮಾಡಿದ್ರಾ ಅಣ್ಣ?”

“ಲ್ಯಾಪ್‌ಟಾಪು ಕೆಟ್ಟು ಕೂತಿತ್ತಲ್ಲ, ನೆನ್ನೆ ಬುಧವಾರ ರಿಪೇರಿ ಮಾಡ್ಸಿ ಎಲ್ಲಾನೂ ಹೊಸದಾಗಿ ಹಾಕ್ದೆ. ನೀನೇ ಬರ್ಕೊಟ್ಟಿದ್ಯಲ್ಲ ಚೀಟಿ, ಅದ್ರಂಗೇ.”

ಏನಾಗಿದೆ ಅಂತ ರಂಜಿತಳಿಗೆ ಅಷ್ಟರಲ್ಲೇ ಗೊತ್ತಾಗಿತ್ತು.

‘ಗುಂಟೆ’ ಅವಳದೇ ಆದರೂ ಅದರೊಳಗೆ ಇನ್ನೊಬ್ಬನ ಲೈಬ್ರರಿ ಇತ್ತು. ಯಾವ ದೇಶದ ಅಂಕಿ ಬರೆದುಕೊಟ್ಟರೂ, ಕನ್ನಡದ್ದಾಗಲಿ ಅರಬ್ಬಿಯದಾಗಲಿ, ಇಂಗ್ಲಿಷ್ ಅಂಕಿಗೆ ತಿರುಗಿಸಿ ಕೊಡುವ ತುಂಡು ಅದು. ಬರೆದವನು ಎಲ್ಲಿಯವನೋ, ಮುಖ ನೋಡಿದವಳಲ್ಲ. ಇದ್ದದ್ದನ್ನು ಮತ್ತೆ ಯಾಕೆ ಬರೆಯಲಿ ಅಂತ ಅದನ್ನೇ ಒಳಗೆ ಕೂರಿಸಿಕೊಂಡಿದ್ದಳು. ಬರೆದವರು ಇಂಥದ್ದನ್ನು ತಿದ್ದಿದಾಗಲೆಲ್ಲ ಹೊಸ ಆವೃತ್ತಿ ಬಿಡುತ್ತಾರೆ. ಕೂರಿಸುವಾಗ ‘ಇದೇ ಆವೃತ್ತಿ ಬೇಕು’ ಅಂತ ಕಟ್ಟಿಹಾಕಬಹುದಿತ್ತು. ಅವಳು ‘ಇದು ಅಥವಾ ಇದಕ್ಕಿಂತ ಹೊಸದು’ ಅಂತ ಬರೆದಿದ್ದಳು. ಹೊಸದು ಅಂದರೆ ಒಳ್ಳೆಯದೇ ಇರುತ್ತದೆ ಅನ್ನುವ ನಂಬಿಕೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಹಳೆಯದೇ ಕೂತಿದ್ದರಿಂದ ಮೂರು ವರ್ಷ ಏನೂ ಆಗಲಿಲ್ಲ. ಬುಧವಾರ ಎಲ್ಲ ಹೊಸದಾಗಿ ಇಳಿಯಿತು. ಆ ಮನುಷ್ಯ ಹಿಂದಿನ ತಿಂಗಳಷ್ಟೇ ಚುಕ್ಕಿಯ ಆಚೆಗಿನ ಕೊನೆಯ ಸೊನ್ನೆ ದಂಡ ಅಂತ ಉದುರಿಸಿದ್ದ. ಅವನ ಲೆಕ್ಕದಲ್ಲಿ ಸೊನ್ನೆ ಚುಕ್ಕಿ ಮೂವತ್ತಕ್ಕೂ ಸೊನ್ನೆ ಚುಕ್ಕಿ ಮೂರಕ್ಕೂ ವ್ಯತ್ಯಾಸವಿಲ್ಲ. ಯಶೋದಮ್ಮನ ಲೆಕ್ಕದಲ್ಲಿ ಇಪ್ಪತ್ತೇಳು ಗುಂಟೆ ವ್ಯತ್ಯಾಸ.

ಸಿಟ್ಟಿನಲ್ಲಿ ಅವನಿಗೆ ಬರೆದಳು. ಆವೃತ್ತಿಗೆ ಮೂರು ಅಂಕಿಯ ನಂಬರಿರುತ್ತದೆ. ಕೊನೆಯದನ್ನು ಏರಿಸಿದರೆ ಚಿಕ್ಕ ರಿಪೇರಿ, ಹೆದರಬೇಡಿ ಅಂತ. ಮೊದಲನೆಯದನ್ನು ಏರಿಸಿದರೆ ಹುಷಾರು, ನಿಮ್ಮದು ಮುರಿಯಬಹುದು ಅಂತ. ನೀನು ಕೊನೆಯದನ್ನು ಏರಿಸಿ ಇಷ್ಟು ದೊಡ್ಡ ಬದಲಾವಣೆ ಹೇಗೆ ಮಾಡಿದೆ, ಇಲ್ಲಿ ಜನರಿಗೆ ನೀರು ತಪ್ಪುತ್ತಿದೆ ಅಂತ ಕೇಳಿದಳು. ಎರಡು ಗಂಟೆಯಲ್ಲಿ ಅವನ ಉತ್ತರ ಬಂತು: ನಾನು ಸಂಖ್ಯೆಯ ಬೆಲೆ ಸರಿಯಾಗಿರುತ್ತದೆ ಅಂತ ಮಾತು ಕೊಟ್ಟಿದ್ದೆ, ಅದರ ರೂಪ ಹಾಗೇ ಇರುತ್ತದೆ ಅಂತ ಕೊಟ್ಟಿರಲಿಲ್ಲ. ಓದಿ ನೋಡಿ, ಬರೆದಿದೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ಬಂದು ಇದನ್ನು ನೋಡುತ್ತೇನೆ, ನನಗೆ ಇದಕ್ಕೆ ಯಾರೂ ಏನೂ ಕೊಡುವುದಿಲ್ಲ.

ಲೈಬ್ರರಿಯ ವಿವರಣೆ ತೆರೆದು ಓದಿ ನೋಡಿದಳು. ಬರೆದಿತ್ತು.

ಹೊಸ ಆವೃತ್ತಿ ಬಿಡುವ ಮುಂಚೆ ಒಂದಷ್ಟು ಲೆಕ್ಕ ಕೊಟ್ಟು ಉತ್ತರ ಸರಿ ಬರುತ್ತದೆಯೇ ಅಂತ ಪರೀಕ್ಷೆ ಮಾಡುವ ಪದ್ಧತಿಯಿದೆ. ಅವಳೂ ಇಟ್ಟಿದ್ದಳು. ಅದೇಕೆ ಹಿಡಿಯಲಿಲ್ಲ? ಗುರುವಾರ ಸಂಜೆ ಮನೆಗೆ ಬಂದು ಆ ಪರೀಕ್ಷೆ ತೆರೆದಳು. ಒಂದು ಎಕರೆ ಹದಿನೈದು, ಇಪ್ಪತ್ತೇಳು ಗುಂಟೆ, ಎರಡು ಎಕರೆ ಐದು. ಅವಳ ಅವ್ವ ಮಾಯಮ್ಮ ಪಕ್ಕದಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದಳು.

“ಇದೇನೇ, ನಮ್ಮ ಗದ್ದೆ ಎಲ್ಲಾ ಬರ್ಕಂಡಿದೀಯ? ಭಾಗ ಕೇಳೀಯಾ?”

“ಪರೀಕ್ಷೆಗೆ ಇಟ್ಟಿದ್ದು ಕಣವ್ವ. ಬಾಯಿಗೆ ಬಂದ ನಂಬ್ರು ಇದೇ.”

“ಸೊನ್ನೆ ಇರೋ ಗದ್ದೆ ನಮ್ಮನೇಲಿ ಇಲ್ವಲ್ಲೇ.”

“ಅದೇ ಆಗಿರೋದು ಅವ್ವ.”

ಮಾಯಮ್ಮ ಸೊಪ್ಪಿನ ಕಡ್ಡಿ ಎಸೆದಳು. “ನಿನ್ನ ಗದ್ದೆ ಒಂದೇನಾ ಊರು? ಆ ಯಸೋದಿ ಮೊಕ ಎಂಗೆ ನೋಡೀಯೆ ಈಗ?”

ರಂಜಿತ ಊಟ ಮುಟ್ಟಲಿಲ್ಲ. ಆ ಮನುಷ್ಯನ ತುಂಡನ್ನು ಕಿತ್ತು, ಅಂಕಿ ತಿರುಗಿಸುವ ಕೆಲಸವನ್ನು ತಾನೇ ಬರೆದಳು. ಒಳಗಿನ ಸಾಮಾನು ಕದಲಿದ ಮೇಲೆ ಒಂದಿಷ್ಟು ಗುಡಿಸಿ ಸಾರಿಸಿದಳು ಕೂಡ. ಯಾರೂ ಮುಟ್ಟುವುದಿಲ್ಲ ಅಂದುಕೊಂಡ ಎರಡು ಒಳಗಿನ ಲೆಕ್ಕಗಳ ಹೆಸರು ಬದಲಿಸಿದಳು. ಅವಸರದಲ್ಲಿ ಆವೃತ್ತಿಯ ಕೊನೆಯ ಅಂಕಿ ಏರಿಸಿ ಬಿಟ್ಟುಬಿಟ್ಟಳು. ಚಿಕ್ಕ ರಿಪೇರಿ, ಹೆದರಬೇಡಿ.

ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಆಫೀಸಿನಲ್ಲಿದ್ದಾಗ ನಾಗಮಂಗಲದಿಂದ ಫೋನು. ಹನಿ ನೀರಾವರಿ ಅಂಗಡಿಯ ರಾಘವೇಂದ್ರ.

“ಮೇಡಂ, ಬೆಳಿಗ್ಗೆ ನಿಮ್ಮ ಹೊಸ ಆವೃತ್ತಿ ಇಳಿದಾಗಿನಿಂದ ಒಂದು ಅಂದಾಜುಪಟ್ಟಿನೂ ಆಗ್ತಾ ಇಲ್ಲ. ನಿಮ್ಮ ಗುಂಟೆ ನಿಂತುಹೋಗಿದೆ. ಇಪ್ಪತ್ತು ಜನ ಕೂತಿದ್ದಾರೆ ಇಲ್ಲಿ.”

ಕೇಳಿ ನೋಡಿದರೆ ಅವನು ಕರೆಯುತ್ತಿದ್ದದ್ದು ನಿನ್ನೆ ಹೆಸರು ಬದಲಿಸಿದ ಒಳಲೆಕ್ಕವನ್ನೇ. ಲೈಬ್ರರಿಗೆ ಒಂದು ಮುಂಬಾಗಿಲಿರುತ್ತದೆ. ಹೊರಗಿನವರು ಇದರಿಂದ ಮಾತ್ರ ಬನ್ನಿ, ಇದನ್ನು ನಾನು ಕೆಡಿಸುವುದಿಲ್ಲ ಅಂತ ಬರೆದವರು ಮಾತು ಕೊಟ್ಟ ಬಾಗಿಲು. ಎಪಿಐ ಅನ್ನುವುದು ಅದಕ್ಕೇ. ರಾಘವೇಂದ್ರ ಅಡಿಗೆಮನೆಯಿಂದ ನುಗ್ಗಿದ್ದ.

“ಅದು ಒಳಗಿಂದು ಸಾರ್. ಹೆಸರಿನ ಹಿಂದೆ ಅಡಿಗೆರೆ ಇಟ್ಟಿದೀನಿ. ಮುಟ್ಟಬಾರದು ಅಂತಲೇ ಅದು. ಮುಂಬಾಗಿಲ ಬಗ್ಗೆ ಮಾತ್ರ ನಾನು ಮಾತು ಕೊಟ್ಟಿರೋದು. ಓದಿ ನೋಡಿ, ಬರೆದಿದೆ.”

ಹೇಳಿದ ಮೇಲೆ ಅವಳಿಗೇ ಕಿವಿ ಬಿಸಿಯಾಯಿತು. ಇದೇ ಮಾತನ್ನು ನಿನ್ನೆ ಅವಳಿಗೆ ಒಬ್ಬ ಹೇಳಿದ್ದ.

“ಬರೆದಿರಬಹುದು ಮೇಡಂ,” ಅಂದ ರಾಘವೇಂದ್ರ. “ಆದರೆ ಚಿಲಕ ಹಾಕಿರಲಿಲ್ಲವಲ್ಲ. ನಾಲ್ಕು ವರ್ಷ ಓಡಾಡಿದೀನಿ, ಯಾರೂ ಬೇಡ ಅನ್ನಲಿಲ್ಲ. ಈಗ ನಾನು ಈ ಇಪ್ಪತ್ತು ಜನಕ್ಕೆ ಏನು ಹೇಳಲಿ?”

ಮತ್ತೆ ಕೂತಳು. ಸರ್ವೆಯರ್ ಗೊಣಗಿದರು, ಈವತ್ತಿನ ನಕ್ಷೆ ಯಾವಾಗ ಅಂತ. ಇವಳು ತಲೆ ಎತ್ತಲಿಲ್ಲ. ಹಳೆಯ ಹೆಸರಿನ ಒಳಲೆಕ್ಕವನ್ನು ಇದ್ದ ಜಾಗಕ್ಕೇ ತಂದಿಟ್ಟು, ಬರುವ ವರ್ಷ ಇದು ಇರುವುದಿಲ್ಲ ಅಂತ ಕರೆದವರಿಗೆಲ್ಲ ಎಚ್ಚರಿಕೆ ಕಾಣುವಂತೆ ಮಾಡಿದಳು. ಪರೀಕ್ಷೆಗೆ ಹತ್ತು, ಇಪ್ಪತ್ತು, ಮೂವತ್ತು ಗುಂಟೆ ಸೇರಿಸಿದಳು. ಯಶೋದಮ್ಮನ ಗದ್ದೆಯೇ ಮೊದಲು. ಮಧ್ಯಾಹ್ನ ಎರಡಕ್ಕೆ ಹೊಸ ಆವೃತ್ತಿ ಬಿಟ್ಟಳು. ಬಿಡುವಾಗ ಕಣ್ಣು ಒಂದು ಅಂಕಿಯ ಮೇಲೆ ನಿಂತಿತು: ಈ ವಾರ ‘ಗುಂಟೆ’ಯನ್ನು ಇಳಿಸಿಕೊಂಡವರು ಮುನ್ನೂರ ಹನ್ನೆರಡು. ಅವಳಿಗೆ ಗೊತ್ತಿರುವವರು ಮೂರೇ ಜನ. ಮಿಕ್ಕ ಮುನ್ನೂರ ಒಂಬತ್ತು ಯಾರು? ಯಾವ ಊರಿನಲ್ಲಿ ಯಾರ ಯಾವ ಸೊನ್ನೆ ಬಿದ್ದಿದೆ? ಕೇಳಲು ದಾರಿಯಿಲ್ಲ. ಬಿಟ್ಟಿ ಬಿಟ್ಟ ಸಾಮಾನಿಗೆ ತಗೊಂಡವರ ಪಟ್ಟಿ ಇರುವುದಿಲ್ಲ.

ಈಗ ಉಳಿದದ್ದು ಸಂಘದ ಕೋಣೆಯ ಲ್ಯಾಪ್‌ಟಾಪಿಗೆ ಅದನ್ನು ಹಾಕಿ ಪಟ್ಟಿ ಛಾಪಿಸುವುದು. ಶಿವಶಂಕರ್ ಫೋನೆತ್ತಲಿಲ್ಲ. ಅವನ ಹೆಂಡತಿ ಪ್ರಮೀಳಾ ಎತ್ತಿದಳು.

“ಕೆ.ಆರ್. ಪೇಟೆಲಿ ನಮ್ಮತ್ತಿಗೆ ಮಗಳ ರಿಸೆಪ್ಸನ್ನು ಕಣಮ್ಮ. ಅವ್ರು ಕುರ್ಚಿ ಹಾಕಿಸ್ತಾವ್ರೆ.”

“ಕೋಣೆ ಕೀಲಿಕೈ ಎಲ್ಲದೆ ಅಕ್ಕ?”

“ಅವ್ರ ಪ್ಯಾಂಟ್ ಜೋಬಲ್ಲಿ. ಎಲ್ಲೋದ್ರೂ ಜೊತೆಗೇ.”

ಅದೂ ನಮ್ಮದೇ ಠರಾವು. ಕೀಲಿಕೈ ಒಬ್ಬನ ಹತ್ತಿರ.

ರಂಜಿತ ಸರ್ವೆಯರಿಗೆ ಹೇಳಿ, ಬೈಸಿಕೊಂಡು, ಕೆ.ಆರ್. ಪೇಟೆ ಬಸ್ಸು ಹತ್ತಿದಳು. ಬಸ್ಸು ನಿಂತ ಕಡೆಯೆಲ್ಲ ಗಡಿಯಾರ ನೋಡಿದಳು. ಛತ್ರದಲ್ಲಿ ಶಿವಶಂಕರ್ ಹೊಸ ಬಿಳಿ ಶರಟಿನಲ್ಲಿ ಬೀಗರಿಗೆ ನೀರಿನ ಬಾಟಲಿ ಹಂಚುತ್ತಿದ್ದ.

“ಬಾ ಬಾ ರಂಜಿತ, ಊಟಕ್ಕೆ ಕೂತ್ಕೊ. ಹೋಳಿಗೆ ಬಿಸಿ ಅದೆ.”

“ಕೀಲಿಕೈ ಕೊಡಣ್ಣ.”

“ಒಂದ್ ಪಂಕ್ತಿ ಮುಗೀಲಿ ಬಾರವ್ವ, ಏನ್ ಕೆರೆ ಒಡ್ದೋಯ್ತದಾ?”

“ಹನ್ನೊಂದು ಜನದ ಗದ್ದೆ ಒಣಗ್ತದೆ. ನೀನು ಬಾಟ್ಲಿ ಹಂಚು, ಕೀಲಿಕೈ ನಂಗೆ ಕೊಡು.”

ಬೀಗರ ಮುಂದೆ ಮುಖ ಕೆಂಪಾಗಿ ಅವನು ಕೀಲಿಕೈ ತೆಗೆದ. ಅವಳು ಊರು ಮುಟ್ಟಿದಾಗ ಏಳು ಗಂಟೆ. ಸಂಘದ ಸದಸ್ಯರು ನಾವು ನಾಲ್ವರು ಡೈರಿ ಜಗಲಿಯಲ್ಲಿ ಕಾದಿದ್ದೆವು. ಹೊಸ ಆವೃತ್ತಿ ಇಳಿಸಿ ಪಟ್ಟಿ ಛಾಪಿಸಿದಳು. ಯಶೋದಮ್ಮ, ತೊಂಬತ್ತು ನಿಮಿಷ. ಹನ್ನೊಂದು ಜನರದ್ದನ್ನೂ ಬಾಯಿಬಿಟ್ಟು ಓದಿಸಿ, ಸೀಲು ಒತ್ತಿ, ಒಂದು ಪ್ರತಿ ಗೋಡೆಗೆ ಅಂಟಿಸಿ ಇನ್ನೊಂದನ್ನು ತೂಬಿಗೆ ಒಯ್ಯಲು ಇಟ್ಟುಕೊಂಡೆವು. ಹಳೆಯ ಪಟ್ಟಿ ಕೀಳಲು ನೋಡಿದರೆ ಅದು ಅಲ್ಲಿರಲಿಲ್ಲ. ಯಾರೋ ಆಗಲೇ ಕಿತ್ತು ಒಯ್ದಿದ್ದರು.

ಒಯ್ದವನು ಶನಿವಾರ ಬೆಳಗ್ಗೆ ಆರಕ್ಕೆ ತೂಬಿನ ಹತ್ತಿರ ಸಿಕ್ಕ. ಮೇಲ್ಗದ್ದೆ ಕುಮಾರ್, ತೂಬಿನ ಬಾಯಲ್ಲೇ ನಾಲ್ಕು ಎಕರೆ ಮೂವತ್ತು ಗುಂಟೆಯವನು. ಹಳೆಯ ಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ.

“ಗುರುವಾರ ಒಂದ್ ಪಟ್ಟಿ, ಶುಕ್ರವಾರ ಒಂದ್ ಪಟ್ಟಿ. ಎರಡಕ್ಕೂ ಸೀಲು. ನಾಳೆ ಮೂರನೇದು ಬರ್ತದೆ, ಬೇಕಾದ್ರೆ ನೋಡ್ಕಳಿ. ಈ ಕಂಪ್ಯೂಟ್ರು ನಾಟ್ಕ ಸಾಕು. ಮೊದಲಿನಂಗೆ ಬುಟ್ಬುಡ್ಲಾ ಧರ್ಮೇಂದ್ರ.”

ಮೊದಲಿನಂತೆ ಅಂದರೆ ಏನು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನೀರುಗಂಟಿ ಧರ್ಮೇಂದ್ರ ತೂಬಿನ ಚಕ್ರದ ಮೇಲೆ ಕೈ ಇಟ್ಟು ನಿಂತಿದ್ದ. ಸೀಲು ಇರುವ ಪಟ್ಟಿಯಂತೆ ನೀರು ತಿರುಗಿಸುವುದು ಅವನ ಕೆಲಸ.

“ನಂಗೆ ಒಂದೇ ಹೇಳಿ. ಯಾವುದ್ನ ನಂಬ್ಲಿ?”

ಜನ ಶಿವಶಂಕರನ ಕಡೆ ನೋಡಿದರು. ರಂಜಿತ ಮುಂದೆ ಬಂದಳು.

“ಗುರುವಾರದ್ದು ತಪ್ಪು. ಕಂಪ್ಯೂಟ್ರು ತಪ್ಪಲ್ಲ, ಸಿವಸಂಕ್ರಣ್ಣಂದೂ ಅಲ್ಲ. ನನ್ನದು. ಬೇರೆಯವ್ರು ಬರ್ದಿದ್ನ ಕಣ್ಮುಚ್ಚಿ ಒಳಗೆ ಬುಟ್ಕಂಡೆ, ನಮ್ಮ ಗದ್ದೆ ನಂಬ್ರು ಮಾತ್ರ ಹಾಕಿ ನೋಡ್ದೆ.” ಅಂದವಳೇ ಹೊಸ ಪಟ್ಟಿಯ ಹನ್ನೊಂದು ಸಾಲಿನ ಪಕ್ಕ ಪೆನ್ನಿನಲ್ಲಿ ಎಕರೆ ಗುಂಟೆಯನ್ನು ಅಡ್ಡಗೀಟು ಹಾಕಿ ಬರೆದು, ಕೆಳಗೆ ತನ್ನ ಹೆಸರು, ಫೋನ್ ನಂಬರು, ಸಹಿ ಹಾಕಿದಳು. “ತಪ್ಪಿದ್ರೆ ನನ್ನ ಮನೆ ಬಾಗ್ಲಿಗೆ ಬನ್ನಿ.”

“ಸಹಿ ಯಾರ್ ಬೇಕಾದ್ರೂ ಹಾಕ್ತಾರೆ,” ಅಂದ ಕುಮಾರ್.

ಧರ್ಮೇಂದ್ರ ಎರಡೂ ಪಟ್ಟಿ ಇಸಕೊಂಡು ಚಕ್ರದ ಮೇಲೆ ಹರಡಿದ. ಬೆರಳು ಮೇಲಿನ ಸಾಲಲ್ಲೇ ನಿಂತಿತು. “ಕುಮಾರಣ್ಣ, ನಿಂದು ನಾಲ್ಕು ಮೂವತ್ತು ಅಲ್ವಾ? ಗುರುವಾರದ ಪಟ್ಟಿಲಿ ನಾಲ್ಕು ಎಕರೆ ಮೂರು ಗುಂಟೆ ನೀರು ಅದೆ. ಎಂಬತ್ತೊಂದು ನಿಮ್ಸ ಕಮ್ಮಿ. ಅದ್ನೇ ನಡ್ಸು ಅಂತೀಯಾ? ನಡಿಸ್ತೀನಿ ಬುಡು.”

ಕುಮಾರ್ ತನ್ನದೇ ಸಾಲನ್ನು ನೋಡಿರಲಿಲ್ಲ. ಈಗ ನೋಡಿದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. “ಹೊಸದೇ ನಡೀಲಿ,” ಅಂದು ಅವನು ಪಂಚೆ ಎತ್ತಿ ಕಟ್ಟಿಕೊಂಡ.

ಈ ಜಗಳದಲ್ಲಿ ಅರ್ಧ ಗಂಟೆ ಹೋಗಿತ್ತು. ಎಲ್ಲರ ಸರದಿಯೂ ಅಷ್ಟು ಹಿಂದಕ್ಕೆ ಸರಿಯಿತು. ಯಶೋದಮ್ಮನ ಗದ್ದೆಗೆ ನೀರು ಬಂದದ್ದು ಭಾನುವಾರ ಮಧ್ಯಾಹ್ನ. ರಂಜಿತ ಬದದ ಮೇಲೆ ಫೋನು ಹಿಡಿದು ನಿಂತಳು. ಒಂಬತ್ತನೆಯ ನಿಮಿಷದಲ್ಲಿ ನೀರನ್ನು ಇನ್ನೂ ಕಾಲುವೆಯ ಬಿರುಕುಗಳೇ ಕುಡಿಯುತ್ತಿದ್ದವು, ಅದು ಗದ್ದೆ ಮುಟ್ಟಿರಲಿಲ್ಲ. ತೊಂಬತ್ತನೆಯ ನಿಮಿಷಕ್ಕೆ ಮೂವತ್ತು ಗುಂಟೆಯೂ ಕೆಸರು. ಧರ್ಮೇಂದ್ರ ಗದ್ದೆಯ ನೀರಿನ ಬಾಯಿಗೆ ಮಣ್ಣು ಹಾಕಿ ಮಡೆ ಕಟ್ಟಿದ.

ಯಶೋದಮ್ಮ ಒಳ್ಳೆಯ ಮಾತಾಡಲಿಲ್ಲ. ಗುದ್ದಲಿ ಊರಿ ಕೇಳಿದಳು, “ಮುಂದಿನ ಕಟ್ಟಿಗೆ ನಂಗೆ ಎಷ್ಟು ನಿಮ್ಸ ಬರ್ತದವ್ವ?”

ತೊಂಬತ್ತು ಅನ್ನಲು ರಂಜಿತಳಿಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ನಡುಗಿತು. ಯಾರೋ ಗೊತ್ತಿಲ್ಲದವರು, ಯಾವುದೋ ಊರಿನವರು ಬರೆದಿದ್ದರು: ‘ಗುಂಟೆ’ಯ ಶುಕ್ರವಾರದ ಆವೃತ್ತಿ ಹಾಕಿದ ಮೇಲೆ ನಮ್ಮಲ್ಲಿ ಏನೋ ಎಚ್ಚರಿಕೆ ತೋರಿಸುತ್ತಿದೆ, ಬೇಗ ನೋಡಿ. ನಮಸ್ಕಾರ ಇರಲಿಲ್ಲ, ಹೆಸರೂ ಇರಲಿಲ್ಲ. ಅವಳು ಗದ್ದೆಯ ಬದದ ಮೇಲೇ ಕೂತು ಉತ್ತರ ಬರೆಯಲು ಶುರು ಮಾಡಿದಳು. ಸೋಮವಾರ ಹೋದಾಗ ಸರ್ವೆಯರ್ ಶುಕ್ರವಾರದ ಅರ್ಧ ದಿನದ ಸಂಬಳ ಹಿಡಿದರು.

ಮರುವಾರ ನಾನು ಸಂಘದ ಸಭೆಯಲ್ಲಿ ಇವಳ ಕೂಲಿಯ ಮಾತೆತ್ತಿದೆ. ಬಿಟ್ಟಿ ಕೊಟ್ಟಿರೋದಕ್ಕೆ ಯಾಕೆ ಕೊಡಬೇಕು ಅಂತ ಒಬ್ಬರು ಕೇಳಿದರು. ಶಾಲು ಹೊದಿಸಿ ಹಾರ ಹಾಕೋಣ ಅಂತ ಇನ್ನೊಬ್ಬರು. ತೂಬಿನ ಚಕ್ರ ಕೆಟ್ಟರೆ ವೆಲ್ಡಿಂಗಿನವನಿಗೆ ಎಣಿಸಿ ಕೊಡುತ್ತೇವೆ. ಚಕ್ರ ಎಷ್ಟು ಹೊತ್ತು ತಿರುಗಬೇಕು ಅಂತ ಹೇಳುವವಳಿಗೆ ಶಾಲು! ಆ ಆಸ್ಪತ್ರೆಯ ರಾತ್ರಿ ಪಾಳಿಯವನಿಗೆ ಅದೂ ಇಲ್ಲ. ಅವನ ಸೊನ್ನೆಯ ಮೇಲೆ ನಮ್ಮ ನಾಲೆ ನಿಂತಿತ್ತು ಅಂತ ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ವಿಷಯ ಮುಂದಿನ ಸಭೆಗೆ ಹೋಗಿದೆ. ನಾನೂ ಹೋಗುತ್ತೇನೆ, ಬಿಡುವುದಿಲ್ಲ.

ಇದನ್ನು ಓದುತ್ತಿರುವ ನೀವೂ ಯಾವುದೋ ಸಂಘದ, ಸೊಸೈಟಿಯ, ಅಂಗಡಿಯ, ಆಫೀಸಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ನಡೆಸುತ್ತಿದ್ದೀರಿ. ಅದರೊಳಗೆ ಯಾರು ಯಾರ ಕೋಡು ಕೂತಿದೆ ಅಂತ ಈ ವಾರವೇ ಪಟ್ಟಿ ಮಾಡಿಸಿ. ಅದನ್ನು ರಿಪೇರಿ ಮಾಡುತ್ತಿರುವವರು ಯಾರು, ಅವರಿಗೆ ನೀವು ಏನು ಕೊಡುತ್ತಿದ್ದೀರಿ ಅಂತ ಠರಾವು ಪುಸ್ತಕದಲ್ಲಿ ಬರೆಸಿ. ಅಲ್ಲಿ ಸೊನ್ನೆ ಅಂತ ಬಂದರೆ ಆ ಸೊನ್ನೆ ನಿಮ್ಮದು. ಯಾವತ್ತು ತೀರಿಸುತ್ತೀರಿ? ತಾರೀಖು ಹೇಳಿ.